ಎಕ್ಕದ ಹೇನಿನೊಳಗಿನ ಬ್ಯಾಕ್ಟೀರಿಯಾವನ್ನು ನೀವೇ ನೋಡುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಎಕ್ಕದ ಕುಡಿಗೆ ಅರಿಶಿನ ಮೆತ್ತಿದಂತೆ ಹಳದಿ ಹೇನು ಮುತ್ತಿರುವುದನ್ನು ನೀವು ನೋಡಿಯೇ ಇರುತ್ತೀರಿ. ರಥಸಪ್ತಮಿಯ ಸ್ನಾನಕ್ಕೆ ಎಲೆ ಕೀಳಲು ಹೋದವರು ಅದನ್ನು ಕೈಗೆ ಅಂಟಿಸಿಕೊಂಡು ಬೈದುಕೊಂಡೂ ಇರುತ್ತಾರೆ. ಆ ಹೇನಿನ ಹೊಟ್ಟೆಯಲ್ಲಿ ಲಕ್ಷಗಟ್ಟಲೆ ಬ್ಯಾಕ್ಟೀರಿಯಾ ವಾಸವಾಗಿವೆ. ಕರುಳಿನಲ್ಲಲ್ಲ, ಹೇನಿನದೇ ಜೀವಕೋಶಗಳ ಒಳಗೆ. ಅವುಗಳನ್ನು ನೋಡಲು ದೊಡ್ಡ ಪ್ರಯೋಗಾಲಯ ಬೇಕಿಲ್ಲ. ಕಾಲೇಜಿನ ಸಾಮಾನ್ಯ ಸೂಕ್ಷ್ಮದರ್ಶಕ, ಎರಡು ಸೂಜಿ, ಮೆಡಿಕಲ್ ಅಂಗಡಿಯ ಒಂದು ಬಾಟಲಿ ಸಲೈನ್ ಮತ್ತು ಅರ್ಧ ಗಂಟೆಯ ತಾಳ್ಮೆ ಇದ್ದರೆ ಸಾಕು.

ಆದರೆ ಒಂದು ಮಾತು ಮೊದಲೇ ಹೇಳಬೇಕು. ಇಲ್ಲಿ ಕಾಣುವುದು ಸುಲಭ, ಗುರುತಿಸುವುದು ಕಷ್ಟ. ನಾನು ವಿದ್ಯಾರ್ಥಿಗಳಿಗೆ ಪೂರ್ತಿ ಒಂದು ವರ್ಷ ಕೊಬ್ಬಿನ ಹನಿಗಳನ್ನು ತೋರಿಸಿ, ‘ಇವೇ ಬ್ಯಾಕ್ಟೀರಿಯಾ’ ಎಂದು ಪಾಠ ಮಾಡಿದ್ದೇನೆ. ಕೊನೆಗೆ ಒಬ್ಬ ಹುಡುಗಿ, ‘ಸರ್, ಇವು ಒಂದೊಂದೂ ಒಂದೊಂದು ಗಾತ್ರ ಇವೆಯಲ್ಲ?’ ಎಂದು ಕೇಳಿದಾಗ ನನ್ನ ಬಾಯಿ ಕಟ್ಟಿತು. ಈ ವಿಷಯದಲ್ಲಿ ನನಗಿಂತ ದೊಡ್ಡವರೂ ಎಡವಿದ್ದಾರೆ. ಇಂಗ್ಲೆಂಡಿನ ಥಾಮಸ್ ಹಕ್ಸ್ಲಿ 1858ರಲ್ಲೇ ಹೇನಿನ ಈ ಕೋಶರಾಶಿಯನ್ನು ನೋಡಿ ವಿವರಿಸಿದ್ದರು. ಮೊಟ್ಟೆಯ ಹಳದಿಯಂತೆ ಕಂಡಿತೆಂದು ಅದಕ್ಕೆ ‘ಹುಸಿ ಹಳದಿ’ ಎಂಬ ಅರ್ಥದ ಹೆಸರಿಟ್ಟರು. ಅದು ಹಳದಿಯೂ ಅಲ್ಲ, ಹೇನಿನ ಅಂಗ ಮಾತ್ರವೂ ಅಲ್ಲ, ಒಳಗೆ ಸೂಕ್ಷ್ಮಜೀವಿಗಳು ತುಂಬಿವೆ ಎಂಬುದು ಸ್ಪಷ್ಟವಾಗಿದ್ದು 1910ರಲ್ಲಿ. ಆಗ ಇಟಲಿಯ ಪಿಯೆರಾಂಟೋನಿ ಮತ್ತು ಚೆಕ್ ನಾಡಿನ ಶುಲ್ಟ್ಸ್ ಪರಸ್ಪರ ಸಂಬಂಧವಿಲ್ಲದೆ ಒಂದೇ ತೀರ್ಮಾನಕ್ಕೆ ಬಂದರು. ನಡುವೆ 52 ವರ್ಷ ಕಳೆದಿತ್ತು. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಸೀಳುವ ಕೆಲಸಕ್ಕಿಂತ ಗುರುತಿಸುವ ಕೆಲಸಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ನಾವು ಹುಡುಕುತ್ತಿರುವುದು ಏನನ್ನು

ಬ್ಯಾಕ್ಟೀರಿಯಾದ ಹೆಸರು ಬುಕ್ನೆರಾ. ಕೀಟಗಳೊಳಗಿನ ಸಹಜೀವನದ ಅಧ್ಯಯನಕ್ಕೇ ಆಯುಷ್ಯ ಸವೆಸಿದ ಜರ್ಮನಿಯ ಪೌಲ್ ಬುಕ್ನರ್ ಅವರ ನೆನಪಿಗೆ 1991ರಲ್ಲಿ ಇಟ್ಟ ಹೆಸರು ಇದು. ನಮ್ಮ ಕರುಳಿನ ಇ. ಕೋಲಿಗೆ ಇದು ದಾಯಾದಿ. ಆದರೆ ಇ. ಕೋಲಿ ಕಡ್ಡಿಯಂತಿದ್ದರೆ ಇದು ರಾಗಿ ಕಾಳಿನಂತೆ ದುಂಡಗೆ, ಅಡ್ಡಳತೆ 2ರಿಂದ 4 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ).

ಇವು ಇರುವ ಮನೆಗೆ ಬ್ಯಾಕ್ಟೀರಿಯೊಸೈಟ್ ಎಂದು ಹೆಸರು. ಅದು ಹೇನಿನದೇ ಜೀವಕೋಶ, ಆದರೆ ಉಳಿದ ಕೋಶಗಳ ಮುಂದೆ ದೈತ್ಯ. ದೊಡ್ಡವು 100 ಮೈಕ್ರಾನಿನ ಹತ್ತಿರಕ್ಕೂ ಬೆಳೆಯುತ್ತವೆ. ಒಂದು ಹೇನಿನಲ್ಲಿ ಇಂತಹವು ಕೆಲವು ಹತ್ತುಗಳಷ್ಟು ಇರುತ್ತವೆ, ಹೊಟ್ಟೆಯ ಎರಡೂ ಬದಿಯಲ್ಲಿ ಗೊಂಚಲಾಗಿ. ನಡುವೆ ದೊಡ್ಡ ಕೋಶಕೇಂದ್ರ, ಸುತ್ತ ಕೋಶರಸದ ತುಂಬ ಒತ್ತೊತ್ತಾಗಿ ಬುಕ್ನೆರಾ. ಹಬ್ಬದ ಹಿಂದಿನ ದಿನದ ಬಸ್ಸಿನಂತೆ ಕಾಲಿಡಲು ಜಾಗವಿರುವುದಿಲ್ಲ. ಪ್ರತಿ ಬುಕ್ನೆರಾಕ್ಕೂ ತನ್ನವೇ ಎರಡು ಪೊರೆಗಳ ಜೊತೆಗೆ ಹೇನು ಹೊದಿಸಿದ ಮೂರನೆಯ ಪೊರೆಯೊಂದಿದೆ. ಆ ಮೂರು ಪೊರೆಗಳು ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ ಮಾತ್ರ ಕಾಣುತ್ತವೆ, ನಮಗೆ ಕಾಣುವುದಿಲ್ಲ.

ಹೇನು ಇಷ್ಟೊಂದು ಬಾಡಿಗೆದಾರರನ್ನು ಸಾಕುವುದಕ್ಕೆ ಕಾರಣ ಅದರ ಊಟ. ಗಿಡದ ಫ್ಲೋಯೆಮ್ ರಸದಲ್ಲಿ, ಅಂದರೆ ಎಲೆಯಲ್ಲಿ ತಯಾರಾದ ಆಹಾರವನ್ನು ಸಾಗಿಸುವ ನಾಳದ ರಸದಲ್ಲಿ, ಸಕ್ಕರೆ ಹೇರಳ, ಪ್ರೋಟೀನ್ ಕಟ್ಟಲು ಬೇಕಾದ ಅಗತ್ಯ ಅಮೈನೋ ಆಮ್ಲಗಳು ತೀರಾ ಕಡಿಮೆ. ಹೆಚ್ಚಾದ ಸಕ್ಕರೆಯನ್ನು ಹೇನು ಹಿಂಬದಿಯಿಂದ ಅಂಟಾಗಿ ಹೊರಹಾಕುತ್ತದೆ, ಇರುವೆಗಳು ಅದಕ್ಕೇ ಕಾವಲು ಕೂರುತ್ತವೆ. ಕಡಿಮೆ ಬಿದ್ದ ಅಮೈನೋ ಆಮ್ಲಗಳನ್ನು ಬುಕ್ನೆರಾ ತಯಾರಿಸಿ ಕೊಡುತ್ತದೆ. ಪ್ರತಿಜೀವಕ ಕೊಟ್ಟು ಬುಕ್ನೆರಾವನ್ನು ಕೊಂದರೆ ಹೇನು ಗಿಡ್ಡವಾಗಿ ಉಳಿದು ಬಂಜೆಯಾಗುತ್ತದೆ. ಇತ್ತ ಬುಕ್ನೆರಾವೂ ಹೇನಿನ ಹೊರಗೆ ಬದುಕಲಾರದು. 2000ನೇ ಇಸವಿಯಲ್ಲಿ ಜಪಾನಿನ ವಿಜ್ಞಾನಿಗಳು ಬಟಾಣಿ ಹೇನಿನ ಬುಕ್ನೆರಾದ ಜೀನೋಮ್, ಅಂದರೆ ಅದರ ಇಡೀ ಡಿಎನ್‌ಎ ಬರಹ, ಓದಿದಾಗ ಸಿಕ್ಕಿದ್ದು ಸುಮಾರು 6.4 ಲಕ್ಷ ಅಕ್ಷರಗಳು. ಇ. ಕೋಲಿಯಲ್ಲಿ ಸುಮಾರು 46 ಲಕ್ಷ. ಹೊರಗೆ ಬದುಕಲು ಬೇಕಾದ ಸರಂಜಾಮಿನ ಬಹುಪಾಲನ್ನು ಅದು ಎಂದೋ ಕಳೆದುಕೊಂಡಿದೆ. ವಿಚಿತ್ರವೆಂದರೆ ಉಳಿದ ಆ ಚಿಕ್ಕ ಜೀನೋಮಿನ ನೂರಕ್ಕೂ ಹೆಚ್ಚು ಪ್ರತಿಗಳನ್ನು ಒಂದೇ ಕೋಶದಲ್ಲಿ ಇಟ್ಟುಕೊಂಡಿದೆ. ಪುಸ್ತಕದ ಪುಟಗಳನ್ನು ಹರಿದುಹಾಕಿ, ಉಳಿದ ಪುಟಗಳಿಗೆ ನೂರು ಜೆರಾಕ್ಸ್ ಮಾಡಿಸಿಟ್ಟಂತೆ.

ಹಂತ 1: ಹೇನು ತರುವುದು

ಮಳೆ ನಿಂತ ಮೇಲೆ, ಚಳಿಗಾಲದಲ್ಲಿ ಎಕ್ಕದ ಎಳೆ ಕುಡಿಗಳನ್ನು ಹುಡುಕಿ. ಹೊಳೆಯುವ ಹಳದಿ ಮೈ, ಕಪ್ಪು ಕಾಲು, ಬೆನ್ನಿನ ಹಿಂಭಾಗದಲ್ಲಿ ಎರಡು ಕಪ್ಪು ಕೊಳವೆ ಇದ್ದರೆ ಅದೇ. ಕಣಗಿಲೆಯ ಮೇಲೂ ಇದೇ ಹೇನು ಕೂರುತ್ತದೆ. ಎಕ್ಕ ಸಿಗದಿದ್ದರೆ ಅವರೆ, ಅಲಸಂದೆ ಹೊಲದ ಕಪ್ಪು ಹೇನೂ ಆಗುತ್ತದೆ. ಆದರೆ ಅದರ ಕಪ್ಪು ಚರ್ಮದ ಚೂರುಗಳು ಸ್ಲೈಡಿನ ಮೇಲೆ ಕಿರಿಕಿರಿ ಮಾಡುತ್ತವೆ. ಮೊದಲ ಸಲಕ್ಕೆ ಹಳದಿಯೇ ಒಳ್ಳೆಯದು.

ಎಕ್ಕದ ಹಾಲಿನ ಬಗ್ಗೆ ತಮಾಷೆ ಬೇಡ. ಕಣ್ಣಿಗೆ ಬಿದ್ದರೆ ಕಣ್ಣಿನ ಪಾರದರ್ಶಕ ಪಟಲಕ್ಕೆ ಹಾನಿಯಾಗಬಹುದು. ಕುಡಿ ಮುರಿಯದೆ, ಮೆತ್ತನೆಯ ಬಣ್ಣದ ಕುಂಚದಿಂದ ಹೇನುಗಳನ್ನು ಸಣ್ಣ ಡಬ್ಬಿಗೆ ಉದುರಿಸಿಕೊಳ್ಳಿ. ಕುಡಿಯನ್ನೇ ಕತ್ತರಿಸಿ ತರಬೇಕಾದರೆ ಕೈಗವಸು ಹಾಕಿ, ಮಕ್ಕಳನ್ನು ದೂರವಿಡಿ.

ಯಾವ ಹೇನನ್ನು ಆರಿಸಬೇಕು? ರೆಕ್ಕೆಯಿಲ್ಲದ, ಈಗಷ್ಟೇ ಪ್ರೌಢವಾದ ಅಥವಾ ಕೊನೆಯ ಪೊರೆ ಬಿಡಲಿರುವ ಮರಿ. ಮುದಿ ಹೇನುಗಳಲ್ಲಿ ಬ್ಯಾಕ್ಟೀರಿಯೊಸೈಟ್‌ಗಳು ಕ್ಷೀಣಿಸಿರುತ್ತವೆ. ಬೂದು ಅಥವಾ ಕಂದು ಬಣ್ಣಕ್ಕೆ ತಿರುಗಿ ಉಬ್ಬಿಕೊಂಡು ಕುಳಿತವು ಕಣಜದ ಮರಿ ತಿಂದು ಮುಗಿಸಿದ ಖಾಲಿ ಚಿಪ್ಪುಗಳು, ಅವು ಬೇಡ. ಅಂತಹ ಚಿಪ್ಪುಗಳು ತುಂಬ ಇರುವ ಗುಂಪನ್ನೇ ಬಿಡುವುದು ವಾಸಿ. ಬದುಕಿರುವ ಹೇನಿನೊಳಗೂ ಕಣಜದ ಮರಿ ಇರಬಹುದು, ಅದರೊಂದಿಗೆ ಬರುವ ದೊಡ್ಡ ದುಂಡು ಕೋಶಗಳು ನಮ್ಮ ಬ್ಯಾಕ್ಟೀರಿಯೊಸೈಟ್‌ನಂತೆಯೇ ಕಂಡು ಮೋಸ ಮಾಡುತ್ತವೆ. ಗುಲಗಂಜಿ ಹುಳು ಡಬ್ಬಿಗೆ ಬಂದಿದ್ದರೆ ಹೊರಗೆ ಬಿಡಿ. ಇಲ್ಲವಾದರೆ ಮನೆ ಸೇರುವಷ್ಟರಲ್ಲಿ ನಿಮ್ಮ ಪ್ರಯೋಗವನ್ನು ಅದು ತಿಂದಿರುತ್ತದೆ.

ಹಂತ 2: ಸಾಮಾನು ಮತ್ತು ದ್ರಾವಣ

ಸೂಕ್ಷ್ಮದರ್ಶಕದಲ್ಲಿ 10 ಮತ್ತು 40 ಪಟ್ಟಿನ ಮಸೂರ ಇರಲೇಬೇಕು. 100 ಪಟ್ಟಿನ ಎಣ್ಣೆ ಮಸೂರ ಇದ್ದರೆ ಸೊಗಸು. ಸೀಳುವಾಗ ನೋಡಲು ಸ್ಟೀರಿಯೋ ಸೂಕ್ಷ್ಮದರ್ಶಕ ಒಳ್ಳೆಯದು, ಇಲ್ಲವಾದರೆ ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಮಸೂರವೂ ನಡೆಯುತ್ತದೆ. ಇನ್ಸುಲಿನ್ ಸಿರಿಂಜಿನ ಸೂಜಿ ಎರಡು. ಅದಕ್ಕಿಂತ ದಪ್ಪದ್ದು ಹೇನಿನ ಪಾಲಿಗೆ ಗುದ್ದಲಿ. ಸ್ಲೈಡು, ಕವರ್‌ಸ್ಲಿಪ್, ಫಿಲ್ಟರ್ ಕಾಗದದ ಚೂರು, ಒಂದು ಡ್ರಾಪರ್.

ಬರಿಯ ನೀರಿನಲ್ಲಿ ಸೀಳಬೇಡಿ. ನನ್ನ ಮೊದಲ ಪ್ರಯತ್ನ ನಲ್ಲಿ ನೀರಿನಲ್ಲಿ ನಡೆದಿತ್ತು, ಕಂಡದ್ದು ಮಂಜು ಮಾತ್ರ. ಕೋಶದೊಳಗಿನ ಸಾಂದ್ರತೆ ಹೆಚ್ಚು, ಹೊರಗೆ ಸಪ್ಪೆ ನೀರು. ನೀರು ಒಳನುಗ್ಗಿ ಕೋಶಗಳು ಊದಿ ಒಡೆಯುತ್ತವೆ. ಬುಕ್ನೆರಾದ ಹೊರಗೋಡೆಯೂ ಗಟ್ಟಿಯಲ್ಲ. ಮೆಡಿಕಲ್ ಅಂಗಡಿಯ 0.9 ಶೇಕಡಾ ನಾರ್ಮಲ್ ಸಲೈನ್ ಒಂದು ಗಂಟೆಯ ಕೆಲಸಕ್ಕೆ ಸಾಕು.

ಕಾಲೇಜಿನ ರಾಸಾಯನಿಕ ಕಪಾಟು ನಿಮ್ಮ ಕೈಯಲ್ಲಿದ್ದರೆ ಇನ್ನೂ ಚೆನ್ನಾದ ದ್ರಾವಣ ಮಾಡಿಕೊಳ್ಳಬಹುದು. 100 ಮಿ.ಲೀ. ಭಟ್ಟಿ ಇಳಿಸಿದ ನೀರಿಗೆ ಸುಕ್ರೋಸ್ 8.6 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 0.19 ಗ್ರಾಂ, ಹರಳಿನ ಮೆಗ್ನೀಸಿಯಂ ಕ್ಲೋರೈಡ್ 0.2 ಗ್ರಾಂ, ಪಿಎಚ್ ಏರುಪೇರಾಗದಂತೆ ತಡೆಯುವ ಟ್ರಿಸ್ 0.42 ಗ್ರಾಂ ಹಾಕಿ, ಹೈಡ್ರೋಕ್ಲೋರಿಕ್ ಆಮ್ಲದಿಂದ ಪಿಎಚ್ 7.5ಕ್ಕೆ ತನ್ನಿ. ಬುಕ್ನೆರಾವನ್ನು ಬೇರ್ಪಡಿಸುವ ಸಂಶೋಧಕರು ಬಳಸುವುದು ಇದೇ ಬಗೆಯ ದ್ರಾವಣ. ಸಕ್ಕರೆ ಇರುವುದರಿಂದ ಬೇಗ ಬೂಷ್ಟು ಹಿಡಿಯುತ್ತದೆ, ಆಯಾ ವಾರಕ್ಕೆ ಬೇಕಾದಷ್ಟೇ ಮಾಡಿ ಫ್ರಿಜ್ಜಿನಲ್ಲಿಡಿ.

ಹಂತ 3: ಸೀಳುವುದು

ಹೇನಿರುವ ಡಬ್ಬಿಯನ್ನು ನಾಲ್ಕೈದು ನಿಮಿಷ ಫ್ರೀಜರಿನಲ್ಲಿಡಿ. ಓಡಾಟ ನಿಲ್ಲುತ್ತದೆ. ಮರೆತು ಅರ್ಧ ಗಂಟೆ ಬಿಟ್ಟರೆ ಒಳಗೆಲ್ಲ ಹೆಪ್ಪುಗಟ್ಟಿ ಕೋಶಗಳು ಹರಿದಿರುತ್ತವೆ.

ಸ್ಲೈಡಿನ ಮೇಲೆ ಸಲೈನಿನ ಒಂದು ಹನಿ, ಅದರಲ್ಲಿ ಹೇನನ್ನು ಅಂಗಾತ ಮಲಗಿಸಿ. ಎಡಗೈ ಸೂಜಿಯನ್ನು ಎದೆಯ ಭಾಗದ ಮೇಲೆ ಅದುಮಿ ಹಿಡಿಯಿರಿ. ಬಲಗೈ ಸೂಜಿಯ ತುದಿಯನ್ನು ಬಾಲದ ಹತ್ತಿರ ಚರ್ಮಕ್ಕೆ ಸಿಕ್ಕಿಸಿ ಹಿಂದಕ್ಕೆ ಮೆಲ್ಲಗೆ ಎಳೆಯಿರಿ. ಚರ್ಮ ಹರಿದು ಒಳಗಿನದೆಲ್ಲ ಹನಿಯೊಳಕ್ಕೆ ಜಾರುತ್ತದೆ. ಮೊದಲ ಐದಾರು ಹೇನು ಜಜ್ಜಿಹೋಗುತ್ತವೆ, ಬೇಸರಿಸಬೇಡಿ. ಚರ್ಮ, ತಲೆ, ಕಾಲುಗಳನ್ನು ಸೂಜಿಯಿಂದ ಬದಿಗೆ ಸರಿಸಿ ತೆಗೆದುಹಾಕಿ, ಕವರ್‌ಸ್ಲಿಪ್ಪಿನ ಒಂದು ಅಂಚನ್ನು ತಾಗಿಸಿ ನಿಧಾನವಾಗಿ ಇಳಿಸಿ. ಈ ಹೊತ್ತಿಗೆ ಒತ್ತಬೇಡಿ, ಅದರ ಸರದಿ ಮುಂದಿದೆ.

ಹಂತ 4: ಗುರುತಿಸುವುದು

10 ಪಟ್ಟಿನ ಮಸೂರದಲ್ಲಿ ಮೊದಲು ಕಣ್ಣಿಗೆ ಬೀಳುವುದು ಭ್ರೂಣಗಳು. ಈ ಹೇನುಗಳಲ್ಲಿ ಗಂಡಿನ ಹಂಗಿಲ್ಲ. ತಾಯಿ ಮೊಟ್ಟೆಯಿಡದೆ ಮರಿಗಳನ್ನೇ ಹೆರುತ್ತದೆ. ಚಿಕ್ಕದರಿಂದ ದೊಡ್ಡದರವರೆಗೆ ಸರಪಳಿಯಂತೆ ಪೋಣಿಸಿದ ಉದ್ದುದ್ದ ಚೀಲಗಳು ಕಾಣುತ್ತವೆ. ಬಲಿತವುಗಳಲ್ಲಿ ಎರಡು ಕಣ್ಣಿನ ಚುಕ್ಕೆಗಳೂ ಇರುತ್ತವೆ. ಇವು ಬ್ಯಾಕ್ಟೀರಿಯೊಸೈಟ್ ಅಲ್ಲ. ಉದ್ದನೆಯ ಸುರುಳಿ ಕೊಳವೆ ಕರುಳು, ಅದೂ ಅಲ್ಲ.

ಇವೆರಡನ್ನೂ ಬಿಟ್ಟು ಬಿಡಿಬಿಡಿಯಾಗಿ ಅಥವಾ ನಾಲ್ಕಾರು ಅಂಟಿಕೊಂಡು ತೇಲುವ ದುಂಡು ಕೋಶಗಳನ್ನು ಹುಡುಕಿ. ಒಳಗೆ ರವೆ ತುಂಬಿದಂತೆ ಕಾಣುತ್ತವೆ, ಅಂಚು ಸ್ಪಷ್ಟವಾಗಿರುತ್ತದೆ. ಬೆಳಕಿನ ದ್ವಾರವನ್ನು ಸ್ವಲ್ಪ ಕಿರಿದು ಮಾಡಿದರೆ ಈ ರವೆ ಎದ್ದು ಕಾಣುತ್ತದೆ. ಹೊಸಬರು ಬೆಳಕು ಹೆಚ್ಚಿಟ್ಟಷ್ಟೂ ಚೆನ್ನಾಗಿ ಕಾಣುತ್ತದೆ ಎಂದುಕೊಳ್ಳುತ್ತಾರೆ. ಬಣ್ಣ ಹಾಕದ ಕೋಶಗಳ ವಿಷಯದಲ್ಲಿ ಇದು ತಲೆಕೆಳಗು.

ಗೊಂದಲ ಎಬ್ಬಿಸುವುದು ಕೊಬ್ಬಿನ ಕೋಶಗಳು. ಅವೂ ದುಂಡಗಿವೆ, ಅವುಗಳ ಒಳಗೂ ದುಂಡು ಕಣಗಳಿವೆ. ಇಲ್ಲಿ ನನ್ನ ಆ ವಿದ್ಯಾರ್ಥಿನಿಯ ಪ್ರಶ್ನೆಯೇ ಮೊದಲ ಪರೀಕ್ಷೆ. ಕೊಬ್ಬಿನ ಹನಿಗಳು ಸಾರಿನ ಮೇಲಿನ ಎಣ್ಣೆಯಂತೆ, ಒಂದು ಸಾಸಿವೆಯಷ್ಟಿದ್ದರೆ ಪಕ್ಕದ್ದು ಕಡಲೆಯಷ್ಟು, ಮತ್ತು ಫೋಕಸ್ ಬದಲಿಸಿದಂತೆ ಫಳ್ಳನೆ ಹೊಳೆಯುತ್ತವೆ. ಬುಕ್ನೆರಾ ಹೆಚ್ಚುಕಡಿಮೆ ಒಂದೇ ಅಳತೆ, ಮಂಕು ಬಣ್ಣ. ಎರಡನೆಯ ಪರೀಕ್ಷೆ ಕೊಬ್ಬಿಗೆ ಹಿಡಿಯುವ ಸುಡಾನ್ III ಬಣ್ಣ. ಕೊಬ್ಬು ಕೆಂಪೇರುತ್ತದೆ, ಬುಕ್ನೆರಾ ಏರುವುದಿಲ್ಲ.

ಮೂರನೆಯದೇ ನನಗೆ ಹೆಚ್ಚು ಇಷ್ಟ. 40 ಪಟ್ಟಿನ ಮಸೂರದಲ್ಲಿ ಹತ್ತು ನಿಮಿಷ ಸುಮ್ಮನೆ ಕುಳಿತು ಕಣಗಳನ್ನು ಒಂದೊಂದಾಗಿ ನೋಡಿ. ಎಲ್ಲೋ ಒಂದು ಕಣ ನಡುವೆ ಸೊಂಟ ಕಟ್ಟಿದಂತೆ ಕಿರಿದಾಗಿ, ಕಡಲೆಕಾಯಿಯ ಆಕಾರಕ್ಕೆ ಬಂದಿರುತ್ತದೆ. ಅದು ಎರಡಾಗುತ್ತಿರುವ ಬ್ಯಾಕ್ಟೀರಿಯಾ. ಕೊಬ್ಬಿನ ಹನಿಗಳು ಒಂದಕ್ಕೊಂದು ಸೇರಿ ದೊಡ್ಡದಾಗುವುದುಂಟು, ಹೀಗೆ ಸೊಂಟ ಕಟ್ಟಿ ಸಮನಾಗಿ ಇಬ್ಭಾಗವಾಗುವುದಿಲ್ಲ. ಅಂತಹ ನಾಲ್ಕೈದು ಜೋಡಿ ಸಿಕ್ಕ ದಿನ ನಿಮಗೆ ಇನ್ನು ಯಾರೂ ಏನನ್ನೂ ಸಾಬೀತು ಮಾಡಿಕೊಡಬೇಕಿಲ್ಲ.

ಹಂತ 5: ಒಡೆದು ನೋಡುವುದು, ಅಳೆಯುವುದು

ಒಳ್ಳೆಯ ಬ್ಯಾಕ್ಟೀರಿಯೊಸೈಟ್ ಒಂದನ್ನು ನೋಟದ ನಡುವಿಗೆ ತನ್ನಿ. ಫಿಲ್ಟರ್ ಕಾಗದದ ಚೂರನ್ನು ಕವರ್‌ಸ್ಲಿಪ್ಪಿನ ಅಂಚಿಗೆ ತಾಗಿಸಿ ದ್ರವವನ್ನು ಸ್ವಲ್ಪ ಸ್ವಲ್ಪವೇ ಹೀರಿಸಿ. ಗಾಜು ಕೆಳಗಿಳಿದಂತೆ ಕೋಶ ಚಪ್ಪಟೆಯಾಗುತ್ತದೆ, ಮೊದಲು ಕೋಶಕೇಂದ್ರದ ತಿಳಿಯಾದ ವೃತ್ತ ಕಾಣುತ್ತದೆ, ಆಮೇಲೆ ಒಂದು ಕಡೆ ಪೊರೆ ಹರಿದು ಒಳಗಿನ ಕಣಗಳು ಚೀಲ ಹರಿದ ರಾಗಿಯಂತೆ ಸುರಿಯುತ್ತವೆ. ಎಷ್ಟು ಸಲ ನೋಡಿದರೂ ನನಗೆ ಹಳತಾಗದ ದೃಶ್ಯ ಇದು. ಸುರಿದ ಕಣಗಳು ನಡುಗುತ್ತವೆ. ‘ಈಜುತ್ತಿವೆ!’ ಎಂದು ತರಗತಿಯಲ್ಲಿ ಕೂಗು ಏಳುವುದು ಖಚಿತ. ಈಜುತ್ತಿಲ್ಲ. ನೀರಿನ ಅಣುಗಳ ತಾಡನಕ್ಕೆ ಸಿಕ್ಕಿ ಅಲುಗಾಡುತ್ತಿವೆ, ಅದು ಬ್ರೌನಿಯನ್ ಚಲನೆ.

ಅಳತೆಗೆ ಒಂದು ಸುಲಭ ಉಪಾಯವಿದೆ. ಕಣ್ಣಿನ ಮಸೂರದ ಮೇಲೆ 10 ರ ಪಕ್ಕದಲ್ಲಿ 18 ಎಂದು ಕೆತ್ತಿದ್ದರೆ, ಆ 18ನ್ನು ಕೆಳಗಿನ ಮಸೂರದ ಪಟ್ಟಿನಿಂದ ಭಾಗಿಸಿ. 40 ಪಟ್ಟಿನಲ್ಲಿ ನಿಮಗೆ ಕಾಣುವ ವೃತ್ತದ ಅಡ್ಡಳತೆ 0.45 ಮಿ.ಮೀ., ಅಂದರೆ 450 ಮೈಕ್ರಾನ್. ಒಂದು ಬ್ಯಾಕ್ಟೀರಿಯೊಸೈಟ್ ಆ ವೃತ್ತದ ಎಂಟನೇ ಒಂದು ಭಾಗದಷ್ಟಿದ್ದರೆ ಸುಮಾರು 56 ಮೈಕ್ರಾನ್ ಎಂದು ಬರೆದುಕೊಳ್ಳಿ.

ಇದೇ ಸ್ಲೈಡಿನ ಅಂಚಿಗೆ ಒಂದು ಹನಿ ಸಪ್ಪೆ ನೀರು ಬಿಟ್ಟು ಎದುರು ಬದಿಯಿಂದ ಕಾಗದದಲ್ಲಿ ಹೀರಿಸಿದರೆ, ನನ್ನ ಮೊದಲ ದಿನದ ತಪ್ಪು ಇಲ್ಲಿ ಪರೀಕ್ಷೆಯಾಗಿ ಉಪಯೋಗಕ್ಕೆ ಬರುತ್ತದೆ. ಇನ್ನೂ ಒಡೆಯದೆ ಉಳಿದ ಕೋಶಗಳು ಊದಿ ಮಸುಕಾಗುತ್ತವೆ. ಕೊಬ್ಬಿನ ಹನಿಗಳು ಇದ್ದಂತೆಯೇ ಇರುತ್ತವೆ.

ಹಂತ 6: ಬಣ್ಣ ಹಾಕುವುದು

ಮಲೇರಿಯಾ ಪರೀಕ್ಷೆಗೆ ಬಳಸುವ ಜೀಮ್ಸಾ ಬಣ್ಣ ಇಲ್ಲಿಯೂ ಚೆನ್ನಾಗಿ ಕೆಲಸ ಮಾಡುತ್ತದೆ. ಬೇರೊಂದು ಸ್ಲೈಡಿನ ಮೇಲೆ ಬ್ಯಾಕ್ಟೀರಿಯೊಸೈಟ್‌ಗಳನ್ನು ಸೂಜಿಯಿಂದ ಅರೆದು ತೆಳ್ಳಗೆ ಹರಡಿ, ಗಾಳಿಯಲ್ಲಿ ಒಣಗಿಸಿ, ಮೆಥನಾಲಿನಲ್ಲಿ ಎರಡು ಮೂರು ನಿಮಿಷ ಅದ್ದಿ ತೆಗೆಯಿರಿ. ಒಂದು ಪಾಲು ಬಣ್ಣಕ್ಕೆ ಒಂಬತ್ತು ಪಾಲು ನೀರು ಬೆರೆಸಿ 20ರಿಂದ 30 ನಿಮಿಷ ಬಿಟ್ಟು ತೊಳೆಯಿರಿ. ಎಣ್ಣೆ ಮಸೂರದಲ್ಲಿ ನೀಲಿ ನೇರಳೆ ಬಣ್ಣದ ದುಂಡು ಕಣಗಳ ಜಾತ್ರೆ ಕಾಣುತ್ತದೆ. ಬ್ಯಾಕ್ಟೀರಿಯಾಗಳನ್ನು ಎರಡು ಬಗೆಯಾಗಿ ವಿಂಗಡಿಸುವ ಗ್ರಾಂ ಬಣ್ಣ ಹಾಕಿದರೆ ಬುಕ್ನೆರಾ ಗುಲಾಬಿಯಾಗುತ್ತದೆ, ಅದು ಗ್ರಾಂ ಋಣಾತ್ಮಕ. ಮೆಥನಾಲ್ ವಿಷ ಮತ್ತು ಬೇಗ ಹೊತ್ತಿಕೊಳ್ಳುವಂಥದ್ದು, ಸ್ಪಿರಿಟ್ ದೀಪದ ಹತ್ತಿರ ತೆರೆಯಬೇಡಿ.

ಕೆಲವರು ಇಲ್ಲಿಗೆ ಬಂದಮೇಲೆ ಹೇನನ್ನು ಅರೆದು ಬ್ಯಾಕ್ಟೀರಿಯಾ ಬೆಳೆಸುವ ಅಗರ್ ತಟ್ಟೆಗೆ ಸವರಿ, ಮರುದಿನ ಬೆಳೆದ ಕಲೆಗಳಿಗೆ ‘ಬುಕ್ನೆರಾ’ ಎಂದು ಚೀಟಿ ಅಂಟಿಸುತ್ತಾರೆ. ಅದು ಬುಕ್ನೆರಾ ಆಗಿರುವ ಸಾಧ್ಯತೆಯೇ ಇಲ್ಲ. ತಟ್ಟೆಯಲ್ಲಿ ಬೆಳೆದದ್ದು ಹೇನಿನ ಮೈಮೇಲಿನದು, ಕರುಳಿನದು, ಇಲ್ಲವೇ ನಿಮ್ಮ ಬೆರಳಿನದು. ಹಾಗೆಯೇ ಪ್ರತಿಜೀವಕ ಕೊಟ್ಟು ನೋಡುವ ಪ್ರಯೋಗವನ್ನು ಮನೆಯಲ್ಲಿ ಮಾಡಬೇಡಿ. ಕ್ಷಯರೋಗಕ್ಕೆ ಕೊಡುವ ರಿಫಾಂಪಿಸಿನ್‌ನಂತಹ ಔಷಧಿಯನ್ನು ಗಿಡಕ್ಕೆ ಸಿಂಪಡಿಸುವುದು ಯಾವ ಕುತೂಹಲಕ್ಕೂ ತಕ್ಕ ಬೆಲೆಯಲ್ಲ.

ಹಂತ 7: ಭ್ರೂಣದೊಳಗೆ ಹುಡುಕುವುದು

ಈಗ ಮೊದಲು ಬದಿಗಿಟ್ಟ ಭ್ರೂಣಗಳಿಗೆ ಮರಳಿ. ಕಣ್ಣಿನ ಚುಕ್ಕೆ ಮೂಡಿದ, ಇನ್ನೂ ತಿಳಿಯಾಗಿರುವ ಒಂದನ್ನು ಆರಿಸಿ 40 ಪಟ್ಟಿನಲ್ಲಿ ನಿಧಾನವಾಗಿ ಫೋಕಸ್ ಇಳಿಸುತ್ತ ಹೋಗಿ. ಹುಟ್ಟದ ಆ ಮರಿಯ ಹೊಟ್ಟೆಯಲ್ಲೂ ರವೆ ತುಂಬಿದ ದುಂಡು ಕೋಶಗಳ ಗುಂಪು ಇದೆ. ಅದು ಊಟದಿಂದ ಬಂದದ್ದಲ್ಲ, ಮರಿಗೆ ಬಾಯಿಯೇ ತೆರೆದಿಲ್ಲ. ಭ್ರೂಣ ಇನ್ನೂ ತೀರಾ ಎಳೆಯ ಹಂತದಲ್ಲಿದ್ದಾಗ ತಾಯಿಯ ಬ್ಯಾಕ್ಟೀರಿಯೊಸೈಟ್ ಒಂದಷ್ಟು ಬುಕ್ನೆರಾವನ್ನು ಹೊರಬಿಡುತ್ತದೆ, ಭ್ರೂಣದ ಹಿಂತುದಿ ಅದನ್ನು ಒಳಗೆಳೆದುಕೊಳ್ಳುತ್ತದೆ. ತಾಯಿಯಿಂದ ಮಗಳಿಗೆ, ಮಗಳಿಂದ ಮೊಮ್ಮಗಳಿಗೆ ಈ ದಾಟಿಸುವಿಕೆ ಹತ್ತು ಕೋಟಿಗೂ ಹೆಚ್ಚು ವರ್ಷಗಳಿಂದ ನಡೆದಿದೆ. ದೊಡ್ಡ ಭ್ರೂಣದ ಹೊಟ್ಟೆಯಲ್ಲಿ ಮುಂದಿನ ಪೀಳಿಗೆಯ ಭ್ರೂಣಗಳೂ ಶುರುವಾಗಿರುತ್ತವೆ. ಒಂದೇ ಹೇನಿನಲ್ಲಿ ಅಜ್ಜಿ, ಮಗಳು, ಮೊಮ್ಮಗಳು.

ಇದು ಕೈಗೆ ಹತ್ತಿದ ಮೇಲೆ

ಜಿರಳೆಯತ್ತ ಹೋಗಬಹುದು. ಅದರ ಹೊಟ್ಟೆಯ ತುಂಬ ಬಿಳಿಯ ಸಡಿಲ ಕೊಬ್ಬಿನಂಗ ಇದೆ, ಒಂದು ಚೂರು ಅರೆದು ಜೀಮ್ಸಾ ಹಾಕಿದರೆ ಈ ಸಲ ಕಾಣುವುದು ದುಂಡು ಕಣವಲ್ಲ, ಕಡ್ಡಿ. ಬ್ಲಾಟಬ್ಯಾಕ್ಟೀರಿಯಂ ಎಂಬ ಈ ಕಡ್ಡಿ ಜಿರಳೆಯ ಸಾರಜನಕದ ತ್ಯಾಜ್ಯವನ್ನು ಮತ್ತೆ ಅಮೈನೋ ಆಮ್ಲವಾಗಿ ತಿರುಗಿಸುತ್ತದೆ. ಕೊಡಗು, ಚಿಕ್ಕಮಗಳೂರಿನವರಾದರೆ ಕಾಫಿ ಗಿಡದ ಹಿಟ್ಟು ತಿಗಣೆ ಕೈಗೆಟಕುವಲ್ಲೇ ಇದೆ. ಅದರಲ್ಲೊಂದು ಜಾತಿಯ ಬ್ಯಾಕ್ಟೀರಿಯೊಸೈಟ್‌ನೊಳಗೆ ಬ್ಯಾಕ್ಟೀರಿಯಾ, ಆ ಬ್ಯಾಕ್ಟೀರಿಯಾದ ಒಳಗೆ ಇನ್ನೊಂದು ಬ್ಯಾಕ್ಟೀರಿಯಾ. ಆದರೆ ಆ ಮೇಣದ ಹಿಟ್ಟಿನಲ್ಲಿ ಸೂಜಿ ಜಾರುತ್ತದೆ, ಕೈ ಪಳಗುವವರೆಗೆ ಬೇಡ. ಭತ್ತದ ಕಂದು ಜಿಗಿಹುಳುವಿನಲ್ಲಿ ಇದೇ ಬಗೆಯ ಕೆಲಸಕ್ಕೆ ಯೀಸ್ಟಿನಂತಹ ಶಿಲೀಂಧ್ರವಿದೆ.

ಎಕ್ಕವನ್ನು ಬಿಟ್ಟು ಹೋಗುವ ಮನಸ್ಸಿಲ್ಲದವರಿಗೆ ಇನ್ನೊಂದು ಕೆಲಸವಿದೆ. ಬುಕ್ನೆರಾ ಸೆಕೆಯನ್ನು ಸಹಿಸುವುದಿಲ್ಲ. ಬಟಾಣಿ ಹೇನಿನ ಮೇಲಿನ ಪ್ರಯೋಗಗಳಲ್ಲಿ ಕಾವು ತಗುಲಿದ ಮೇಲೆ ಬ್ಯಾಕ್ಟೀರಿಯೊಸೈಟ್‌ಗಳು ಕಡಿಮೆಯಾಗಿದ್ದವು. ಒಂದೇ ಎಕ್ಕದ ಗಿಡವನ್ನು ಗುರುತಿಟ್ಟುಕೊಳ್ಳಿ. ಡಿಸೆಂಬರಿನಲ್ಲಿ ಹತ್ತು ಹೇನು, ಏಪ್ರಿಲ್‌ನಲ್ಲಿ ಹೇನು ಉಳಿದಿದ್ದರೆ ಮತ್ತೆ ಹತ್ತು, ಎರಡೂ ಸಲ ಒಂದೇ ಪ್ರಾಯದವು. ಪ್ರತಿಯೊಂದರಲ್ಲೂ ಬ್ಯಾಕ್ಟೀರಿಯೊಸೈಟ್ ಎಣಿಸಿ, ಅಡ್ಡಳತೆ ಬರೆದು, ಪಕ್ಕದಲ್ಲಿ ಆ ದಿನದ ಗರಿಷ್ಠ ತಾಪಮಾನವನ್ನೂ ಬರೆದಿಡಿ. ಎಣಿಸಲು ಕೂರುವ ಮುನ್ನ ಸ್ಲೈಡುಗಳ ತಿಂಗಳನ್ನು ಕಾಗದ ಅಂಟಿಸಿ ಮುಚ್ಚಿಬಿಡಿ. ಗೊತ್ತಿದ್ದರೆ ಕಣ್ಣು ತನಗೆ ಬೇಕಾದ ಸಂಖ್ಯೆಯನ್ನೇ ಎಣಿಸುತ್ತದೆ.